ಸಂಡೂರಿನ ಗುಡ್ಡಸಾಲು: ಕಲ್ಲು, ಅದಿರು, ನೀರು



ನಮ್ಮ ಸಹಕಾರ ಸಂಘ ಇಪ್ಪತ್ತೈದು ವರ್ಷ ತುಂಬಿಸಿ ಬೆಳ್ಳಿಹಬ್ಬ ಆಚರಿಸುತ್ತಿರುವುದು ನಮಗೆಲ್ಲ ಸಂತಸದ ಸಂಗತಿ. ಈ ಸ್ಮರಣ ಸಂಚಿಕೆಯಲ್ಲಿ ಸಂಘ ನಡೆದುಬಂದ ದಾರಿ, ಷೇರು ಬಂಡವಾಳ, ಠೇವಣಿ, ಸಾಲ ವಸೂಲಾತಿಯ ಲೆಕ್ಕ ಎಲ್ಲವನ್ನೂ ತಾವು ನೋಡುತ್ತೀರಿ. ಆದರೆ ಈ ಸಂಘಕ್ಕಿಂತ, ಈ ಊರಿಗಿಂತ, ಅಷ್ಟೇ ಏಕೆ ಮನುಷ್ಯಕುಲಕ್ಕಿಂತಲೂ ಹಳೆಯದಾದ ಒಂದು ಆಸ್ತಿ ನಮ್ಮ ಬೆನ್ನಿಗೇ ನಿಂತಿದೆ. ಅದೇ ಸಂಡೂರಿನ ಗುಡ್ಡಸಾಲು. ದೂರದ ಬೆಟ್ಟ ನುಣ್ಣಗೆ ಅಂತಾರೆ. ನಮ್ಮದು ದೂರದ್ದಲ್ಲ, ದಿನ ಬೆಳಗಾದರೆ ಕಣ್ಣಿಗೆ ಬೀಳುವ ಗುಡ್ಡ. ಹಾಗಾಗಿಯೇ ಏನೋ, ಅದರ ಹುಟ್ಟು ಎಂಥದ್ದು, ಅದು ಯಾಕೆ ಕೆಂಪಗಿದೆ, ಅದರ ಹೊಟ್ಟೆಗೆ ಅದಿರು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಟನ್ನಿಗೆ ಏನು ರೇಟು ಎಂಬುದು ಮಾತ್ರ ಎಲ್ಲರಿಗೂ ಬಾಯಿಪಾಠ. ಆದ್ದರಿಂದ ಗುಡ್ಡದ ಜಾತಕವನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆದಿದ್ದೇನೆ.

ಗುಡ್ಡದ ಇರವು

ಹೊಸಪೇಟೆಯಲ್ಲಿ ನಿಂತು ಸುತ್ತ ಕಣ್ಣಾಡಿಸಿದರೆ ಎರಡು ಬಗೆಯ ಗುಡ್ಡಗಳು ಕಾಣುತ್ತವೆ. ಹಂಪಿಯ ಕಡೆ ಇರುವುದು ಬಂಡೆ ಮೇಲೆ ಬಂಡೆ ಪೇರಿಸಿಟ್ಟಂಥ ಬೋಳು ಗುಡ್ಡ. ಅದು ಗ್ರಾನೈಟ್. ದಕ್ಷಿಣಕ್ಕೆ ತಿರುಗಿದರೆ ಜಂಬುನಾಥನ ಗುಡ್ಡ. ಅದರ ಮೈ ಉರುಟು, ಮಣ್ಣು ಕೆಂಪು, ಮಳೆಗಾಲದಲ್ಲಿ ಮೈತುಂಬ ಹುಲ್ಲು. ನಮ್ಮ ಗುಡ್ಡಸಾಲು ಶುರುವಾಗುವುದು ಅಲ್ಲಿಂದ. ಅಲ್ಲಿಂದ ಅದು ಆಗ್ನೇಯ ದಿಕ್ಕಿಗೆ ಎರಡು ಗೋಡೆಗಳ ಹಾಗೆ ಸಾಗುತ್ತದೆ. ಆ ಎರಡು ಗೋಡೆಗಳ ನಡುವಿನ ಉದ್ದನೆಯ ಕಣಿವೆಯಲ್ಲಿ ಸಂಡೂರು ಪಟ್ಟಣವೂ ಅದರ ಸುತ್ತಲ ಹಳ್ಳಿಗಳೂ ಇವೆ.

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ ಅತ್ತ ಹೋಯಿತು, ಸಂಡೂರು ತಾಲೂಕು ಬಳ್ಳಾರಿಯಲ್ಲೇ ಉಳಿಯಿತು. ಗುಡ್ಡಕ್ಕೆ ಮಾತ್ರ ಜಿಲ್ಲೆಯ ಗಡಿ ಗೊತ್ತಿಲ್ಲ, ಎರಡು ಕಡೆಯೂ ಕಾಲು ಚಾಚಿ ಮಲಗಿದೆ. ರಾಮನದುರ್ಗ, ಕುಮಾರಸ್ವಾಮಿ, ದೋಣಿಮಲೈ, ದೇವಗಿರಿ, ದೇವದಾರಿ, ತಿಮ್ಮಪ್ಪನಗುಡಿ ಎಂದು ಒಂದೊಂದು ಭಾಗಕ್ಕೆ ಒಂದೊಂದು ಹೆಸರು. ಎತ್ತರದ ಜಾಗಗಳು ಸಮುದ್ರಮಟ್ಟದಿಂದ ಸುಮಾರು 3,000 ಅಡಿಗಳಷ್ಟಿವೆ. ರಾಮನದುರ್ಗದ ತಂಪು ಹವೆ ಕಂಡು ಬ್ರಿಟಿಷರು 19ನೆಯ ಶತಮಾನದ ನಡುಭಾಗದಲ್ಲಿ ಬಳ್ಳಾರಿ ದಂಡಿನ ಸೈನಿಕರಿಗೆ ಅಲ್ಲೊಂದು ಆರೋಗ್ಯಧಾಮ ಮಾಡಿದ್ದರು.

ಕಣಿವೆಯ ನೀರೆಲ್ಲ ಕೂಡಿ ಹರಿಯುವುದು ನಾರಿಹಳ್ಳಕ್ಕೆ. ಈ ಹಳ್ಳ ಗುಡ್ಡದ ಗೋಡೆಯನ್ನು ಎರಡು ಕಡೆ ಸೀಳಿಕೊಂಡಿದೆ. ಒಂದು ಓಬಳಗಂಡಿ, ಇನ್ನೊಂದು ಭೀಮಗಂಡಿ. ಗಂಡಿ ಅಂದರೆ ಸಂದು, ಕಿಂಡಿ ಎಂದು ಬೇರೆ ಹೇಳಬೇಕಿಲ್ಲ. ತಾರಾನಗರದ ಬಳಿ ಇದೇ ಹಳ್ಳಕ್ಕೆ ಜಲಾಶಯ ಕಟ್ಟಿದ್ದಾರೆ. ಮುಂದೆ ಈ ನೀರು ದರೋಜಿ ಕೆರೆಗೆ ಹೋಗಿ, ಅಲ್ಲಿಂದ ತುಂಗಭದ್ರೆಯ ಕಡೆ ಸಾಗುತ್ತದೆ. ಮಳೆ ಕಡಿಮೆಯಾದ ಬಳ್ಳಾರಿ ಸೀಮೆಯಲ್ಲಿ ನಮ್ಮ ಕಣಿವೆ ಅಷ್ಟೋ ಇಷ್ಟೋ ಹಸಿರಾಗಿ ಉಳಿದಿರುವುದು ಈ ಗುಡ್ಡಗಳು ಮೋಡವನ್ನು ತಡೆದು, ಬಿದ್ದ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ.

ಸಮುದ್ರದ ತಳ ಗುಡ್ಡವಾದ ಕಥೆ

ಈಗ ಗುಡ್ಡದ ವಯಸ್ಸಿಗೆ ಬರೋಣ. ಭೂವಿಜ್ಞಾನಿಗಳು ಸಂಡೂರಿನ ಈ ಕಲ್ಲುಗಳ ವಯಸ್ಸನ್ನು ಸುಮಾರು 270 ಕೋಟಿ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಹಿಮಾಲಯ ಇದರ ಮುಂದೆ ನಿನ್ನೆ ಮೊನ್ನೆ ಹುಟ್ಟಿದ ಕೂಸು. ಆ ಕಾಲಕ್ಕೆ ಇಲ್ಲಿ ಗುಡ್ಡ ಇರಲಿಲ್ಲ, ಸಮುದ್ರ ಇತ್ತು. ಸಮುದ್ರದ ತಳದಲ್ಲಿ ಜ್ವಾಲಾಮುಖಿಗಳು ಬಾಯ್ದೆರೆದು ಲಾವಾರಸ ಹರಿಸುತ್ತಿದ್ದವು. ತಳದ ಬಿರುಕುಗಳಿಂದ ಉಕ್ಕುವ ಬಿಸಿನೀರು ಕಬ್ಬಿಣ, ಮ್ಯಾಂಗನೀಸ್‌ಗಳನ್ನು ಕರಗಿಸಿಕೊಂಡು ಬಂದು ಕಡಲಿಗೆ ಸೇರಿಸುತ್ತಿತ್ತು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇದ್ದದ್ದರಿಂದ, ಉಪ್ಪು ಕರಗಿದ ಹಾಗೆ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತಿತ್ತು.

ಅದೇ ಕಡಲಿನ ಆಳವಿಲ್ಲದ ಅಂಚುಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪಾಚಿಯಂತೆ ಹಾಸಿಕೊಂಡು ಬೆಳೆದವು. ಇವು ಪದರ ಪದರವಾಗಿ ಕಟ್ಟಿದ ಕಲ್ಲಿಗೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಸಂಡೂರಿನ ಸುಣ್ಣದಂಶದ ಕಲ್ಲುಗಳಲ್ಲಿ ಇದರ ಗುರುತುಗಳು ಸಿಕ್ಕಿವೆ. ಅಂದರೆ ಭೂಮಿಯ ಮೇಲಿನ ಬಹಳ ಹಳೆಯ ಜೀವಿಗಳ ಹೆಜ್ಜೆ ಗುರುತು ನಮ್ಮ ತಾಲೂಕಿನಲ್ಲೇ ಇದೆ ಎಂದಾಯಿತು! ಇಂಥ ಜೀವಿಗಳು ಬಿಸಿಲನ್ನುಂಡು ಆಮ್ಲಜನಕ ಬಿಟ್ಟವು. ಆಮ್ಲಜನಕ ತಗುಲಿದ ಕಬ್ಬಿಣ ತುಕ್ಕು ಹಿಡಿದು ತಳಕ್ಕೆ ಇಳಿಯಿತು. ಒಮ್ಮೆ ಕಬ್ಬಿಣದ ಪದರ, ಅದರ ಮೇಲೆ ಸಿಲಿಕಾ ಅಂದರೆ ಬೆಣಚಿನ ಪದರ, ಮತ್ತೆ ಕಬ್ಬಿಣ, ಮತ್ತೆ ಬೆಣಚು. ಹೀಗೆ ಲಕ್ಷಾಂತರ ವರ್ಷ ನಡೆಯಿತು. ಗುಡ್ಡದಲ್ಲಿ ದನ ಕಾಯುವ ಹುಡುಗರಿಗೂ ಗೊತ್ತಿರುವ, ಕೆಂಪು ಕಪ್ಪು ಬಿಳಿ ಗೆರೆಗಳ ಕೌದಿಯಂಥ ಪಟ್ಟೆಕಲ್ಲು ಇದೇ ನೋಡ್ರಿ.

ಆಮೇಲೆ ಭೂಮಿಯ ಒತ್ತಡಕ್ಕೆ ಸಿಕ್ಕಿ ಈ ಪದರಗಳೆಲ್ಲ ಕೌದಿ ಮಡಚಿದ ಹಾಗೆ ಮಡಚಿಕೊಂಡವು. ಸುತ್ತ ಗ್ರಾನೈಟ್ ಉಕ್ಕಿ ಬಂದು ಗಟ್ಟಿಯಾಯಿತು. ಮೇಲೆದ್ದ ಭಾಗವನ್ನು ಮಳೆ ಗಾಳಿ ಸವೆಸುತ್ತ ಬಂದವು. ಮೆತ್ತನೆಯ ಕಲ್ಲು ಬೇಗ ಸವೆದು ಕಣಿವೆಯಾಯಿತು, ಕಬ್ಬಿಣದ ಪಟ್ಟೆಕಲ್ಲು ಗಟ್ಟಿಯಾದ್ದರಿಂದ ಸವೆಯದೆ ಗೋಡೆಯಾಗಿ ನಿಂತಿತು. ಆದ್ದರಿಂದ ಗುಡ್ಡದಲ್ಲಿ ಕಬ್ಬಿಣ ಇದೆ ಅನ್ನುವುದು ಅರ್ಧ ಮಾತು. ಕಬ್ಬಿಣ ಇರುವುದಕ್ಕೇ ಅಲ್ಲಿ ಗುಡ್ಡ ಇದೆ ಅನ್ನುವುದು ಪೂರ್ತಿ ಮಾತು.

ಈ ಜಾತಿಯ ಕಲ್ಲುಗಳಿಗೆ ಧಾರವಾಡ ಶಿಲಾಸಮೂಹ ಎಂಬ ಹೆಸರು ಬಂದದ್ದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯಿಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿದ್ದ ಈತ ನಮ್ಮ ಸೀಮೆಯನ್ನು ಸುತ್ತಿ ಬರೆದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥ 1895ರಲ್ಲಿ ಪ್ರಕಟವಾಯಿತು. ಗದಗಿನ ಕಪ್ಪತಗುಡ್ಡ, ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಇವೂ ನಮ್ಮ ಗುಡ್ಡದ ದಾಯಾದಿಗಳೇ. ಸಹಕಾರಿಗಳಾದ ನಾವು ಇಲ್ಲಿ ಇನ್ನೊಂದನ್ನು ನೆನೆಯಬಹುದು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿ ನಾಡಿಗೇ ದಾರಿ ತೋರಿದ ಕಣಗಿನಹಾಳ ಗ್ರಾಮ ಕಪ್ಪತಗುಡ್ಡವಿರುವ ಆ ಗದಗ ಸೀಮೆಯದೇ.

ಅದಿರು ಮಾಗಿದ ಬಗೆ

ಪಟ್ಟೆಕಲ್ಲೆಲ್ಲ ಒಳ್ಳೆಯ ಅದಿರು ಅಲ್ಲ. ಅದರಲ್ಲಿ ಅರ್ಧಕ್ಕೂ ಹೆಚ್ಚು ಬೆಣಚು ಮತ್ತಿತರ ಅಂಶವೇ ಇರುತ್ತದೆ. ಮಳೆನೀರು ಗುಡ್ಡದ ನೆತ್ತಿಯಿಂದ ಇಳಿಯುತ್ತ ಇಳಿಯುತ್ತ ಬೆಣಚನ್ನು ನಿಧಾನವಾಗಿ ಕರಗಿಸಿ ಒಯ್ದು, ಕಬ್ಬಿಣವನ್ನು ಬಿಟ್ಟುಹೋಯಿತು. ಜೋಳ ತೂರಿದಾಗ ಹೊಟ್ಟು ಹಾರಿ ಕಾಳು ಉಳಿಯುವುದಿಲ್ಲವೆ, ಹಾಗೆ. ಹೀಗೆ ಉಳಿದ ಹೆಮಟೈಟ್ ಅದಿರಿನಲ್ಲಿ ಕಬ್ಬಿಣದ ಪಾಲು ಶೇ. 60ಕ್ಕೂ ಮೇಲೆ ಇರುತ್ತದೆ. ಅಪ್ಪಟ ಹೆಮಟೈಟ್ ಆದರೂ ಶೇ. 70 ದಾಟುವುದಿಲ್ಲ, ಉಳಿದದ್ದು ಆಮ್ಲಜನಕ. ಗ್ರಾನೈಟ್ ಕಲ್ಲಿಗಿಂತ ಹೆಮಟೈಟ್ ಹೆಚ್ಚುಕಡಿಮೆ ಎರಡು ಪಟ್ಟು ತೂಕ. ಬುಟ್ಟಿಯಲ್ಲಿ ಹೊತ್ತ ಹೆಣ್ಣುಮಕ್ಕಳ ಕುತ್ತಿಗೆಗೆ ಈ ಲೆಕ್ಕ ಪುಸ್ತಕ ಓದದೆಯೂ ಗೊತ್ತು. ಗಟ್ಟಿ ಅದಿರು, ಪುಡಿಯಾದ ಬ್ಲೂ ಡಸ್ಟ್, ಇಳಿಜಾರಿನಲ್ಲಿ ಉರುಳಿ ಹೊಲದ ಮಣ್ಣಿನಲ್ಲಿ ಸೇರಿದ ಫ್ಲೋಟ್ ಅದಿರು ಎಂದು ಇದರಲ್ಲೇ ಬಗೆಗಳಿವೆ. ದೇವಗಿರಿಯ ಕಡೆ ಮ್ಯಾಂಗನೀಸ್ ಹೆಚ್ಚು. ಉಕ್ಕಿಗೆ ಗಟ್ಟಿತನ ಬರಬೇಕಾದರೆ ಮ್ಯಾಂಗನೀಸ್ ಬೇಕೇ ಬೇಕು. ಟಾರ್ಚಿನ ಸೆಲ್ಲಿಗೂ ಬೇಕು.

ಸಂಡೂರಿನ ಮ್ಯಾಂಗನೀಸ್ ಅದಿರಿನ ಕಾಲ ಅಳೆದ ವಿಜ್ಞಾನಿಗಳು, ಈ ಮಾಗುವ ಕೆಲಸ ಮೂರು ನಾಲ್ಕು ಕೋಟಿ ವರ್ಷಗಳ ಹಿಂದೆ ಜೋರಾಗಿ ನಡೆದಿತ್ತು ಎಂದು ಕಂಡಿದ್ದಾರೆ. ಕೋಟಿ ವರ್ಷ ಅಂದರೆ ತಲೆಗೆ ಹತ್ತುವುದಿಲ್ಲ. ಹೀಗೆ ಲೆಕ್ಕ ಹಾಕಿ. 270 ಕೋಟಿ ವರ್ಷವನ್ನು 27 ದಿನ ಅಂದುಕೊಳ್ಳಿ. ಅದಿರು ಮಾಗಿದ್ದು 27ನೆಯ ದಿನದ ಕೊನೆಯ ಏಳೆಂಟು ಗಂಟೆ, ಒಂಬತ್ತು ಗಂಟೆಯ ಮಾತು. ಇಲ್ಲಿ ಗಣಿ ಕಂಪನಿಗಳು ಕಾಲಿಟ್ಟ ನೂರು ಚಿಲ್ಲರೆ ವರ್ಷ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲು, ಕಣ್ಣುರೆಪ್ಪೆ ಬಡಿಯುವಷ್ಟು. ಆ ರೆಪ್ಪೆ ಬಡಿತದಲ್ಲಿ ಎಷ್ಟು ಗುಡ್ಡ ಇಳಿದಿದೆ ಎಂಬುದನ್ನು ತಾವೇ ಕಂಡಿದ್ದೀರಿ.

ಗುಡ್ಡವನ್ನು ಕಂಡವರು

ನಮ್ಮ ಹಿರೀಕರಿಗೆ ಈ ಗುಡ್ಡದ ಗುಣ ಗೊತ್ತಿರಲಿಲ್ಲ ಎಂದು ತಿಳಿಯಬಾರದು. ಕುಮಾರಸ್ವಾಮಿ ಬೆಟ್ಟಕ್ಕೆ ಲೋಹಾಚಲ ಎಂಬ ಹೆಸರು ಮೊದಲಿನಿಂದಲೂ ಉಂಟು. ಅಲ್ಲಿನ ಪಾರ್ವತಿ, ಕುಮಾರಸ್ವಾಮಿ ದೇವಾಲಯಗಳಿಗೆ ಸಾವಿರ ವರ್ಷಕ್ಕೂ ಮೀರಿದ ಇತಿಹಾಸ ಇದೆ. ಬಳ್ಳಾರಿ ಸೀಮೆಯಲ್ಲಿ ಮಣ್ಣಿನ ಸಣ್ಣ ಒಲೆ ಕಟ್ಟಿ, ಇದ್ದಿಲು ಹಾಕಿ, ತಿದಿಯೊತ್ತಿ ಅದಿರು ಕರಗಿಸಿ ಕುಡ, ಕೊಡಲಿ, ಕುರ್ಚಿಗೆ ಮಾಡಿಕೊಳ್ಳುತ್ತಿದ್ದರು. ಅವರು ತೆಗೆದದ್ದು ಬುಟ್ಟಿ ಲೆಕ್ಕ. ಗುಡ್ಡಕ್ಕೆ ಅದು ತಲೆಗೂದಲು ಕಿತ್ತಷ್ಟೂ ಅಲ್ಲ.

ಸಂಡೂರು ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನವಾಗಿತ್ತು. 20ನೆಯ ಶತಮಾನದ ಮೊದಲ ದಶಕದಲ್ಲಿ ಬೆಲ್ಜಿಯಂ ದೇಶದ ಕಂಪನಿಯೊಂದು ಇಲ್ಲಿ ಮ್ಯಾಂಗನೀಸ್ ತೆಗೆಯಲು ಬಂತು. ಅದಿರು ರೈಲು ಹತ್ತಿ ಗೋವೆಯ ಮರ್ಮಗೋವಾ ಬಂದರಿನ ದಾರಿ ಹಿಡಿಯಿತು. 1949ರಲ್ಲಿ ಸಂಸ್ಥಾನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು, 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಸ್ಥಾಪನೆಯಾಯಿತು. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ತೋರಣಗಲ್ಲಿನ ಬಳಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಇಟ್ಟರು. ಅದು ಬಹುಕಾಲ ಅಡಿಗಲ್ಲಾಗಿಯೇ ಉಳಿದು, ಖಾಸಗಿಯವರ ಕಾರ್ಖಾನೆ ತಲೆಯೆತ್ತಿದ್ದು 1990ರ ದಶಕದಲ್ಲಿ. ಕೇಂದ್ರ ಸರಕಾರದ ಎನ್‌ಎಂಡಿಸಿ ದೋಣಿಮಲೈ ಗಣಿಯನ್ನು 1977ರಲ್ಲಿ ಆರಂಭಿಸಿತು. ಅಲ್ಲಿಯವರೆಗೂ ಗಣಿ ಎಂದರೆ ನಾಲ್ಕು ಮನೆಗೆ ನೌಕರಿ, ಒಂದು ಕಾಲೋನಿ, ಒಂದು ಶಾಲೆ, ಒಂದು ಆಸ್ಪತ್ರೆ ಎಂಬಂತಿತ್ತು.

ಕೆಂಪು ಧೂಳಿನ ವರ್ಷಗಳು

ನಮ್ಮ ಸಂಘ ಆಗತಾನೆ ಕಣ್ಣು ಬಿಡುತ್ತಿದ್ದಾಗ ಈ ಲೆಕ್ಕವೆಲ್ಲ ತಲೆಕೆಳಗಾಯಿತು. 2003ರ ಸುಮಾರಿಗೆ ಚೀನಾ ದೇಶದ ಉಕ್ಕಿನ ಹಸಿವಿಗೆ ಅದಿರಿನ ಬೆಲೆ ಹಲವು ಪಟ್ಟು ಏರಿತು. ಹಗಲು ರಾತ್ರಿ ಲಾರಿಗಳ ಸಾಲು. ಹತ್ತಿ, ಜೋಳ, ಮೆಣಸಿನಗಿಡದ ಎಲೆ ಮೇಲೆಲ್ಲ ಕೆಂಪು ಧೂಳು. ಫ್ಲೋಟ್ ಅದಿರಿಗಾಗಿ ಪಟ್ಟಾ ಹೊಲಗಳನ್ನೂ ಅಗೆದರು. ಎಕರೆಗೆ ಬಂದ ರೊಕ್ಕ ಎರಡು ಮೂರು ವರ್ಷದಲ್ಲಿ ಮುಗಿಯಿತು, ಮೇಲ್ಮಣ್ಣು ಹೋದ ಹೊಲ ಮಾತ್ರ ಹಾಗೇ ಬಿತ್ತು. ದುಡಿದವರು ಉಂಟು, ಮನೆ ಕಟ್ಟಿದವರು ಉಂಟು, ಮಕ್ಕಳನ್ನು ಓದಿಸಿದವರೂ ಉಂಟು. ಅದನ್ನು ಇಲ್ಲ ಅನ್ನಲಾಗದು. ಆದರೆ ಸಾಲ ಮಾಡಿ ಲಾರಿ ಕೊಂಡವರ ಪಾಡು ಏನಾಯಿತು ಎಂಬುದೂ ತಮಗೆ ಗೊತ್ತಿದೆ.

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆ ಕುರಿತ ತಮ್ಮ ದೊಡ್ಡ ವರದಿಯನ್ನು ಸರಕಾರಕ್ಕೆ ಕೊಟ್ಟರು. ಸರಕಾರದ ಬೊಕ್ಕಸಕ್ಕೆ ಆದ ನಷ್ಟ ಸುಮಾರು 16,000 ಕೋಟಿ ರೂಪಾಯಿ ಎಂದು ಆ ವರದಿ ಅಂದಾಜು ಮಾಡಿತ್ತು. ಎರಡೇ ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ರಸ್ತೆ ಪಕ್ಕದಲ್ಲಿ ಸಾಲಾಗಿ ನಿಂತವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ 166 ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಉಲ್ಲಂಘನೆ ಮಾಡಿದ ಸಿ ವರ್ಗದ 49 ಗುತ್ತಿಗೆಗಳನ್ನು ರದ್ದುಪಡಿಸಲಾಯಿತು. ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕು ಎಂಬ ಮಿತಿಯೂ ಬಂತು. ಆ ಮಿತಿ ಬರಬರುತ್ತ ಏರಿ 2022ರಲ್ಲಿ ಬಳ್ಳಾರಿಯ ಪಾಲಿಗೆ 350 ಲಕ್ಷ ಟನ್ ಆಯಿತು. ಹತ್ತು ಟನ್ನಿನ ಲಾರಿ ಲೆಕ್ಕದಲ್ಲಿ ಇದು ದಿನಕ್ಕೆ ಒಂಬತ್ತು ಸಾವಿರಕ್ಕೂ ಹೆಚ್ಚು ಲೋಡು. ಕಾನೂನಿನ ಒಳಗೇ ಇಷ್ಟು.

ಗುಡ್ಡದ ಇನ್ನೊಂದು ಬೆಳೆ

ಅದಿರಿನ ಮಾತಿನಲ್ಲಿ ಗುಡ್ಡದ ನೀರನ್ನು ಮರೆಯುತ್ತೇವೆ. ಗುಡ್ಡದ ನೆತ್ತಿಯ ಜಂಬಿಟ್ಟಿಗೆ ಕಲ್ಲು ಮತ್ತು ಮಾಗಿದ ಅದಿರಿನ ಪದರ ಎರಡೂ ತೂತುತೂತಾದವು. ಬೆಣಚು ಕರಗಿ ಹೋದ ಜಾಗವೆಲ್ಲ ಕಿರುಗಂಡಿಯಾಗಿ, ಅಲ್ಲಿ ಮಳೆನೀರು ಇಂಗುತ್ತದೆ. ಇಂಗಿದ ನೀರು ಕೆಳಗಿನ ಬಿಗಿಯಾದ ಕಲ್ಲು ಸಿಕ್ಕಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ಹರಿಶಂಕರ ತೀರ್ಥದಂಥ ಒರತೆಗಳು, ನಾರಿಹಳ್ಳಕ್ಕೆ ಸೇರುವ ತೊರೆಗಳು ಹೀಗೆ ಹುಟ್ಟಿದವು. ಅಂದರೆ ಅದಿರನ್ನು ಮಾಗಿಸಿದ್ದು ನೀರು, ಈಗ ಆ ನೀರನ್ನು ಹಿಡಿದಿಟ್ಟುಕೊಂಡಿರುವುದು ಅದೇ ಅದಿರು. ಎರಡೂ ಒಂದೇ ಗೂಡಿನಲ್ಲಿವೆ. ಗುಡ್ಡದ ತಲೆ ತೆಗೆದರೆ ನಮ್ಮ ನೀರಿನ ಟ್ಯಾಂಕನ್ನೇ ತೆಗೆದಂತೆ. ಮೇಲಿಂದ ಸಡಿಲವಾದ ಮಣ್ಣು ಮೊದಲ ದೊಡ್ಡ ಮಳೆಗೇ ಇಳಿದು ಹಳ್ಳದ ಪಾತ್ರ, ಕೆರೆಯ ಅಂಗಳ ತುಂಬುತ್ತದೆ. ಕೆರೆಯಲ್ಲಿ ಹೂಳು ಎಷ್ಟು ಏರಿತೋ ಬಾವಿಯಲ್ಲಿ ನೀರು ಅಷ್ಟು ಇಳಿಯಿತು.

ಸಹಕಾರಿಗಳಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಅದಿರು ಅಸಲು, ನೀರು ಹುಲ್ಲು ಸೌದೆ ಬೆಳೆ ಬಡ್ಡಿ. ಬಡ್ಡಿ ವರ್ಷ ವರ್ಷ ಬರುತ್ತದೆ. ಅಸಲು ಒಮ್ಮೆ ಕರಗಿದರೆ ಮತ್ತೆ ಹುಟ್ಟಲು ಕೋಟಿಗಟ್ಟಲೆ ವರ್ಷ ಬೇಕು. ಅಸಲಿಗೆ ಕೈ ಹಾಕಲೇಬಾರದು ಎಂದು ಹೇಳುವುದು ಸುಲಭ. ಆದರೆ ನಮ್ಮ ಮನೆಯ ನೇಗಿಲ ಕುಡದಿಂದ ಹಿಡಿದು ಸೈಕಲ್ಲು, ಬಸ್ಸು, ಸೇತುವೆ ತನಕ ಎಲ್ಲವೂ ಕಬ್ಬಿಣವೇ. ಅಸಲು ತೆಗೆಯುವುದಾದರೆ ಅದನ್ನು ಬೇರೊಂದು ಅಸಲಾಗಿ ಮಾಡಿಕೊಳ್ಳಬೇಕು. ತಿಂದು ಮುಗಿಸಬಾರದು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಸುಮ್ಮನೆ ಅಂದಿಲ್ಲ.

ನಮ್ಮ ಪಾಲಿನ ಲೆಕ್ಕ

ಇದಕ್ಕೆ ಕಾನೂನಿನಲ್ಲಿ ಒಂದು ದಾರಿ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬ ನಿಧಿ ಆಗಿದೆ. ಲೆಕ್ಕ ಸರಳ. ಅದಿರಿನ ಸರಾಸರಿ ಮಾರಾಟ ಬೆಲೆಯ ಮೇಲೆ 2014ರಲ್ಲಿ ಗೊತ್ತುಮಾಡಿದ ರಾಜಧನ ಶೇ. 15. ಆ ರಾಜಧನದ ಮೇಲೆ, 2015ರ ಜನವರಿ 12ಕ್ಕಿಂತ ಮೊದಲಿನ ಗುತ್ತಿಗೆಯಾದರೆ ಶೇ. 30, ನಂತರ ಹರಾಜಾದ ಗುತ್ತಿಗೆಯಾದರೆ ಶೇ. 10 ಈ ನಿಧಿಗೆ ಬರಬೇಕು. ಬೆಲೆ ಟನ್ನಿಗೆ 1,000 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಂಡರೆ ರಾಜಧನ 150, ಅದರ ಮೇಲೆ ನಿಧಿಯ ಪಾಲು ಹಳೆಯ ಗುತ್ತಿಗೆಯಲ್ಲಿ 45 ರೂಪಾಯಿ, ಹೊಸದರಲ್ಲಿ 15 ರೂಪಾಯಿ. ಇದರಲ್ಲಿ ಹೆಚ್ಚಿನ ಪಾಲು ಕುಡಿಯುವ ನೀರು, ಪರಿಸರ, ಆರೋಗ್ಯ, ಶಿಕ್ಷಣ ಇಂಥವಕ್ಕೇ ಹೋಗಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಗಣಿಯಿಂದ ಬಾಧೆಗೊಳಗಾದ ಕುಟುಂಬಗಳನ್ನು ಗುರುತಿಸುವಾಗ ಗ್ರಾಮಸಭೆಯ ಪ್ರತಿನಿಧಿಗಳ ಜೊತೆ ಸಮಾಲೋಚಿಸಬೇಕು ಎಂದೂ ಇದೆ. ಇದಲ್ಲದೆ ಸುಪ್ರೀಂ ಕೋರ್ಟಿನ ಪ್ರಕರಣದಲ್ಲಿ ಕೂಡಿಟ್ಟ ಹಣವನ್ನು ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಬಳಸಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವೂ ಆಯಿತು.

ಸಂಘದ ಮಹಾಸಭೆಯಲ್ಲಿ ಹತ್ತು ರೂಪಾಯಿ ಖರ್ಚಿಗೂ ರಸೀದಿ ಕೇಳುವವರು ನಾವು. ಗುಡ್ಡದ ಲೆಕ್ಕಕ್ಕೆ ಮಾತ್ರ ಬಾಯಿ ಮುಚ್ಚಿ ಕೂಡುವುದು ಯಾವ ನ್ಯಾಯ? ಗ್ರಾಮಸಭೆಗೆ ಹೋಗೋಣ. ನಮ್ಮ ಊರಿನ ಕೆರೆಯ ಹೂಳು, ಹಳ್ಳದ ಒಡ್ಡು, ಅಗೆದು ಬಿಟ್ಟ ಹೊಲಕ್ಕೆ ಮೇಲ್ಮಣ್ಣು, ಗುಡ್ಡದ ಬುಡದಲ್ಲಿ ಹೂಳು ತಡೆಯುವ ಕಟ್ಟೆ, ಗುಡ್ಡದ ಇಳಿಜಾರಿಗೆ ಈ ನೆಲದ್ದೇ ಗಿಡ ಹುಲ್ಲು, ಇಷ್ಟನ್ನು ಬರವಣಿಗೆಯಲ್ಲಿ ಕೊಡೋಣ. ಕಮಾನು, ಸಮುದಾಯ ಭವನ ಆಮೇಲೆ ಆದರೂ ನಡೀತದೆ. ಒಬ್ಬರು ಕೇಳಿದರೆ ಅರ್ಜಿ ಮೂಲೆ ಸೇರಬಹುದು, ಇಡೀ ಸಂಘ ಕೇಳಿದರೆ ಹಾಗಾಗದು. ಹನಿಗೂಡಿದರೆ ಹಳ್ಳ ಎಂಬುದು ಸಹಕಾರಕ್ಕೂ ನಿಜ, ನಾರಿಹಳ್ಳಕ್ಕೂ ನಿಜ.

ಇನ್ನು ಇಪ್ಪತ್ತೈದು ವರ್ಷಕ್ಕೆ ಸಂಘದ ಸುವರ್ಣ ಮಹೋತ್ಸವ ಬರುತ್ತದೆ. ಇಂದು ಶಾಲೆಯಲ್ಲಿರುವ ಮಕ್ಕಳು ಅಂದು ಸದಸ್ಯರಾಗಿ ಸಂಚಿಕೆ ತರುತ್ತಾರೆ. ಆ ಹೊತ್ತಿಗೆ ಅದಿರು ಎಷ್ಟು ಉಳಿದಿರುತ್ತದೋ ಅದನ್ನು ತೀರ್ಮಾನಿಸುವವರು ಬೇರೆಯವರೂ ಇದ್ದಾರೆ. ಆದರೆ ನಾರಿಹಳ್ಳದಲ್ಲಿ ನೀರು, ಕೆರೆಯಲ್ಲಿ ಆಳ, ಗುಡ್ಡದ ಮೈಮೇಲೆ ಹುಲ್ಲು ಇರುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಸಂಘವೂ ಊರೂ ಗುಡ್ಡವೂ ಕೂಡಿ ಬಾಳಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ.